ಅಕ್ಕೋರ ಹುಣ್ಣಿಮೆ ಡ್ರೈವ್

ಹೊಸ ವಸ್ತು ಎಂದರೆ ಅಕ್ಕೋರಿಗೆ ಮೊದಲಿನಿಂದಲೂ ಅನುಮಾನ. ಜೇವರ್ಗಿಯ ನಮ್ಮ ಓಣಿಗೆ ಬಂದ ಹೊಸದರಲ್ಲಿ ಅವರೊಂದು ಕುಕ್ಕರ್ ಕೊಂಡರು. ಕೊಂಡವರು ಅದನ್ನು ತಮ್ಮ ಒಲೆಯ ಮೇಲೆ ಇಡಲಿಲ್ಲ. ನೇರವಾಗಿ ನಮ್ಮ ಮನೆಗೆ ತಂದು ನನ್ನ ಹೆಂಡತಿಯ ಕೈಗೆ ಕೊಟ್ಟು, ನೀವು ಇದರಲ್ಲಿ ಬೇಳೆ ಬೇಯಿಸಿಕೊಳ್ಳಿ, ನಿಮ್ಮ ಹಳೆಯದನ್ನು ನನಗೆ ಕೊಡಿ ಎಂದರು. ಪಕ್ಕದ ಮನೆಯವರು ಎಷ್ಟು ಒಳ್ಳೆಯವರು ಎಂದು ನನ್ನ ಹೆಂಡತಿ ಹಿಗ್ಗಿಹೋದಳು. ಮರುವರ್ಷ ಅಕ್ಕೋರು ಬಂದು ಸೀಟಿ ಸರಿಯಾಗಿ ಹೊಡೆಯುತ್ತದೆಯೇ, ಎಲ್ಲಾದರೂ ಸೋರುತ್ತದೆಯೇ ಎಂದೆಲ್ಲ ವಿಚಾರಿಸಿ, ತಮ್ಮ ಕುಕ್ಕರನ್ನು ಒಯ್ದು ನಮ್ಮದನ್ನು ಫಳಫಳ ತೊಳೆದು ತಂದಿಟ್ಟರು. ನಡುವೆ ಅದು ಸಿಡಿದಿದ್ದರೆ ಏನು ಗತಿಯಾಗುತ್ತಿತ್ತು ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, ಸಿಡಿಯುವಂಥದ್ದನ್ನು ನಾನು ಆರಿಸುವುದೇ ಇಲ್ಲ ಎಂದರಂತೆ.

ಹೊಸ ಸೇತುವೆಯ ಮೇಲೆ ಹೋಗಬೇಕಾದರೆ ಆಟೋ ನಿಲ್ಲಿಸಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ದಾಟುವವರೆಗೂ ಕಾಯುತ್ತಿದ್ದರು. ಹೊಸ ಡಾಕ್ಟರರ ಬಳಿಗೆ ಮೊದಲು ತಮ್ಮ ಯಜಮಾನರನ್ನು ಕಳಿಸುತ್ತಿದ್ದರು. ಯಜಮಾನರು ಲೈನ್‌ಮನ್ ಆಗಿದ್ದು ನಿವೃತ್ತರಾದವರು. ದಿನವೆಲ್ಲ ಸೇರಿ ಅವರು ಆಡುವ ಮಾತು ಒಂದು ಬೊಗಸೆ ತುಂಬುತ್ತಿರಲಿಲ್ಲ. ಹೆಂಡತಿ ಹೇಳಿದಾಗ ತಣ್ಣಗೆ ಎದ್ದು ಹೋಗಿ ನಾಡಿ ತೋರಿಸಿ ಬರುತ್ತಿದ್ದರು.

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಟೀಚರಮ್ಮ. ಇವರ ಹುಟ್ಟೂರು ನೆಲೋಗಿ. ಆಳಂದದಲ್ಲಿ ಕೆಲಸಕ್ಕೆ ಸೇರಿ, ಅಫಜಲಪುರಕ್ಕೆ ವರ್ಗವಾಗಿ, ಕೊನೆಗೆ ಜೇವರ್ಗಿಗೆ ಬಂದು ಇಲ್ಲಿಯೇ ನಿವೃತ್ತರಾದರು. ಮೂರು ತಾಲೂಕುಗಳಲ್ಲಿ ಹಾಜರಿ ಕರೆದವರು. ಯಾವ ಊರಿನ ಯಾವ ಮನೆಯಲ್ಲಿ ಯಾರು ಹಿರಿಯರು, ಯಾರ ಅಡ್ಡಹೆಸರು ಹೇಗೆ ಬರೆಯಬೇಕು ಎಂಬುದೆಲ್ಲ ಅವರ ನಾಲಿಗೆಯ ಮೇಲೆ ಇರುತ್ತಿತ್ತು. ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ಏನಾದರೂ ಬರೆಯೋಣವೆಂದು ಕುಳಿತಾಗಲೆಲ್ಲ ನನಗೆ ನೆನಪಾಗುವುದು ಅವರು ಪಾಠ ಮಾಡಿದ್ದಲ್ಲ, ಏಕೆಂದರೆ ನಾನು ಅವರ ವಿದ್ಯಾರ್ಥಿಯೇ ಅಲ್ಲ. ಅವರು ನನ್ನ ಕಂಪ್ಯೂಟರಿಗೆ ಫೈಲು ಕೂಡಿಡುವ ಎಸ್‌ಎಸ್‌ಡಿ ಡ್ರೈವ್ ಆರಿಸಿದ್ದು ನೆನಪಾಗುತ್ತದೆ.

ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮುಖ್ಯ ಕೆಲಸ ಲಗ್ನಪತ್ರಿಕೆ. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರು ದೊಡ್ಡ ಅಕ್ಷರದಲ್ಲಿ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಸುಖಾಗಮನ ಬಯಸುವವರು’ ಎಂದು ಇರುತ್ತದಲ್ಲ, ಎಲ್ಲರ ಕಣ್ಣೂ ಅಲ್ಲಿ. ಅಜ್ಜ, ದೊಡ್ಡಪ್ಪ, ಕಾಕಾ, ಸೋದರಮಾವ, ಅಳಿಯಂದಿರು, ಅವರವರ ಊರು, ತಾಲೂಕು. ದೊಡ್ಡವರು ಮೇಲೆ, ಸಣ್ಣವರು ಕೆಳಗೆ. ತೀರಿಕೊಂಡವರ ಹೆಸರಿನ ಮೊದಲು, ಲಿಂಗಾಯತರಾದರೆ ‘ಲಿಂ.’ ಎಂದೋ ಉಳಿದವರಾದರೆ ‘ದಿ.’ ಎಂದೋ ಬರಲೇಬೇಕು. ಬದುಕಿರುವವರಿಗೆ ಅದು ಅಪ್ಪಿತಪ್ಪಿಯೂ ಬರಬಾರದು. ಒಮ್ಮೆ ಸೊನ್ನದ ಕಡೆಯ ಒಬ್ಬ ಕಾಕಾ ತನ್ನ ಹೆಸರು ತಮ್ಮನ ಹೆಸರಿನ ಕೆಳಗೆ ಬಂದಿದೆ ಎಂದು ಮದುವೆಯ ಊಟ ಮುಟ್ಟದೆ ಜೀಪಿನಲ್ಲಿ ಕುಳಿತುಬಿಟ್ಟ. ಅವನನ್ನು ಇಳಿಸಲು ಹೋದವರೆಲ್ಲ ಬೈದದ್ದು ನನ್ನನ್ನು.

ಹೀಗಾಗಿ ಒಂದು ಮನೆಯ ಪತ್ರಿಕೆ ಒಮ್ಮೆ ಸರಿಯಾಗಿ ಬಂತೆಂದರೆ ಆ ಮನೆಯವರು ಮುಂದಿನ ಲಗ್ನಕ್ಕೂ ಅಲ್ಲಿಗೇ ಬರುತ್ತಾರೆ. ಹಿರಿಯ ಮಗನ ಪತ್ರಿಕೆಯದೇ ತೆಗೆಯಿರಿ, ಹುಡುಗ ಹುಡುಗಿಯ ಹೆಸರಷ್ಟೇ ಬದಲಿಸಿರಿ ಎನ್ನುತ್ತಾರೆ. ನನ್ನ ಎದುರಿಗೇ ಬಣ್ಣಬಣ್ಣದ ಬೋರ್ಡು ಹಾಕಿಕೊಂಡು ಹೊಸ ಅಂಗಡಿಗಳು ಬಂದವು. ಮೊಬೈಲಿನಲ್ಲಿಯೇ ಪತ್ರಿಕೆ ಮಾಡಿಕೊಳ್ಳುವ ಕಾಲವೂ ಬಂತು. ಆದರೂ ನನ್ನ ಗಿರಾಕಿಗಳು ಕದಲಲಿಲ್ಲ. ಅವರ ಮನೆಯ ಹೆಸರುಗಳು ನನ್ನ ಕಂಪ್ಯೂಟರಿನಲ್ಲಿ ಸರಿಯಾದ ಸಾಲಿನಲ್ಲಿ ಕುಳಿತಿದ್ದವು. ಆ ಫೈಲುಗಳು ಹೋದರೆ ನನ್ನ ಅಂಗಡಿಯೂ ಹೋದಂತೆಯೇ.

ಆ ಸಾಲುಗಳನ್ನು ಸರಿ ಮಾಡಿದವರು ಅಕ್ಕೋರು. ನಿವೃತ್ತಿಯ ನಂತರ ಮಧ್ಯಾಹ್ನದ ನಿದ್ದೆ ತಮಗೆ ಒಗ್ಗುವುದಿಲ್ಲವೆಂದು ನಮ್ಮ ಅಂಗಡಿಗೆ ಬಂದು ಕೂರುತ್ತಿದ್ದರು. ಒಂದು ದಿನ ನಾನು ಪ್ರಿಂಟ್ ತೆಗೆದಿಟ್ಟ ಪತ್ರಿಕೆಯೊಂದನ್ನು ಕೈಗೆತ್ತಿಕೊಂಡು, ಚೀಲದಿಂದ ಕೆಂಪು ಪೆನ್ನು ತೆಗೆದರು. ಅಲ್ಲಿಂದ ಮುಂದೆ ಅವರ ಪೆನ್ನು ತಾಗದೆ ಒಂದು ಪತ್ರಿಕೆಯೂ ಪ್ರೆಸ್ಸಿಗೆ ಹೋಗಲಿಲ್ಲ. ಪ್ರತಿಫಲವೆಂದು ಅವರು ಒಪ್ಪುತ್ತಿದ್ದದ್ದು ಖಾರ ಹಚ್ಚಿದ ಚುರುಮುರಿ ಮತ್ತು ಸಕ್ಕರೆ ಇಲ್ಲದ ಚಹಾ. ಚಹಾಕ್ಕೆ ಅಪ್ಪಿತಪ್ಪಿ ಸಕ್ಕರೆ ಬಿದ್ದರೆ ಆ ದಿನದ ಪತ್ರಿಕೆಯಲ್ಲಿ ತಪ್ಪುಗಳೂ ಹೆಚ್ಚಾಗಿ ಸಿಗುತ್ತಿದ್ದವು.

ಅವರು ಪ್ರೂಫ್ ನೋಡುವ ರೀತಿಯೇ ಬೇರೆ. ಕಣ್ಣಿನಲ್ಲಿ ಓದುತ್ತಿರಲಿಲ್ಲ, ಹಾಜರಿ ಕರೆದಂತೆ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಕರೆಯುತ್ತಿದ್ದರು. ಕರೆದು ಒಂದು ಕ್ಷಣ ತಡೆಯುತ್ತಿದ್ದರು, ಯಾರೋ ಉತ್ತರ ಕೊಡಬೇಕು ಎನ್ನುವಂತೆ. ಎದುರಿಗೆ ಕುಳಿತ ಗಿರಾಕಿಗಳಲ್ಲಿ ಎಷ್ಟೋ ಜನ ಅವರ ಕೈಯಲ್ಲಿ ಕಲಿತವರು. ಒಮ್ಮೆ ಮೀಸೆ ನರೆತ ಗುತ್ತಿಗೆದಾರರೊಬ್ಬರು ತಮ್ಮ ಹೆಸರು ಕೇಳಿದ್ದೇ ಕುರ್ಚಿಯಿಂದ ಎದ್ದು ನಿಂತು, “ಹಾಜರ್ರಿ” ಎಂದುಬಿಟ್ಟರು. ಎದ್ದಮೇಲೆ ಏನು ಮಾಡಬೇಕೆಂದು ತಿಳಿಯದೆ ಹೊರಗೆ ಹೋಗಿ ಪಾನ್ ಹಾಕಿಕೊಂಡು ಬಂದರು. ಅಕ್ಕೋರು ಮಾತ್ರ ನಗದೆ ಮುಂದಿನ ಹೆಸರು ಕರೆದರು.

ಹೀಗಿರುವಾಗ ನನ್ನ ಕಂಪ್ಯೂಟರಿನ ಹಳೆಯ ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನತೊಡಗಿತು. ಒಳಗೆ ತಿರುಗುವ ತಟ್ಟೆ ಇರುವ ಡಿಸ್ಕು ಅದು, ಅಂಥ ಸದ್ದು ಬಂತೆಂದರೆ ಆಯುಷ್ಯ ಮುಗಿಯಿತೆಂದೇ ಅರ್ಥ. ಈಗ ಎಲ್ಲರೂ ಎಸ್‌ಎಸ್‌ಡಿ ಹಾಕುತ್ತಾರೆ, ಅದರಲ್ಲಿ ತಿರುಗುವುದು ಏನೂ ಇಲ್ಲ, ಬರೀ ಎಲೆಕ್ಟ್ರಾನಿಕ್ ಚಿಪ್ಪು, ಬೇಗನೂ ಓಡುತ್ತದೆ ಎಂದು ನಾನು ಮೊಬೈಲಿನಲ್ಲಿ ಒಂದನ್ನು ಅಗ್ಗಕ್ಕೆ ನೋಡಿಟ್ಟಿದ್ದೆ. ಅದನ್ನು ಅಕ್ಕೋರಿಗೆ ತೋರಿಸಿದ್ದೇ ತಪ್ಪಾಯಿತು. ಯಾರು ಮಾಡಿದ್ದು, ಯಾರ ಮನೆಯಲ್ಲಿ ಓಡುತ್ತಿದೆ, ಎಷ್ಟು ವರ್ಷವಾಯಿತು ಎಂದು ಪ್ರಶ್ನೆಪತ್ರಿಕೆಯನ್ನೇ ಬಿಚ್ಚಿದರು. ಹೊಸದು, ಇನ್ನೂ ಯಾರ ಮನೆಯಲ್ಲೂ ಓಡಿಲ್ಲ ಎಂದೆ.

“ಹೊಸಾದು ಅಂದ್ರ ಇನ್ನಾ ಪರೀಕ್ಷೆಗೆ ಕುಂತಿಲ್ಲದ್ದು ತಮ್ಮಾ” ಎಂದರು. “ಪಾಸಾದದ್ದು ತಗೋಬೇಕು.”

ಪಾಸಾದದ್ದು ಅಫಜಲಪುರದಲ್ಲಿ ಸಿಕ್ಕಿತು. ಅವರ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಮದುವೆ ವಿಡಿಯೊ ಮಿಕ್ಸಿಂಗ್ ಮಾಡುವ ಸ್ಟುಡಿಯೊ ಇಟ್ಟಿದ್ದ. ಅವನು ದೊಡ್ಡ ಡ್ರೈವ್ ಹಾಕಿಸಿಕೊಂಡು ಹಳೆಯ ಎಸ್‌ಎಸ್‌ಡಿಯನ್ನು ತೆಗೆದಿಟ್ಟಿದ್ದಾನೆ ಎಂಬ ಸುದ್ದಿ ಅಕ್ಕೋರ ಕಿವಿಗೆ ಬಿತ್ತು. ಇಬ್ಬರೂ ಬಸ್ ಹತ್ತಿ ಹೋದೆವು. ಅವನು ಗುರುಗಳು ಬಂದರೆಂದು ಕುರ್ಚಿ ಒರೆಸಿ ಕೂರಿಸಿ, ಇದು ವರ್ಷಗಟ್ಟಲೆ ಹಗಲಿಲ್ಲ ಇರುಳಿಲ್ಲ ದುಡಿದಿದೆ, ಲೆಕ್ಕವಿಲ್ಲದಷ್ಟು ಮದುವೆಗಳು ಇದರ ಮೇಲೆ ಹಾದುಹೋಗಿವೆ, ಒಮ್ಮೆಯೂ ಕೈಕೊಟ್ಟಿಲ್ಲ ಎಂದ. ಕೇಬಲ್ಲು ಚುಚ್ಚಿ ಹೊರಗಿನಿಂದಲೂ ಬಳಸಬಹುದಾದ ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟ. ಅಕ್ಕೋರ ಮುಖದಲ್ಲಿ ಕುಕ್ಕರ್ ವಾಪಸು ಒಯ್ದ ದಿನದ ಕಳೆ ಕಂಡಿತು. ನನಗೂ ಅವರ ತರ್ಕದಲ್ಲಿ ಎಲ್ಲಿಯೂ ಬಿರುಕು ಕಾಣಲಿಲ್ಲ.

ಜೇವರ್ಗಿಗೆ ಬಂದು ಎಲ್ಲ ಫೈಲುಗಳನ್ನೂ ಅದಕ್ಕೆ ತುಂಬಿದೆವು. ಈಗ ಇದನ್ನೇ ಕಂಪ್ಯೂಟರಿಗೆ ಜೋಡಿಸುತ್ತೇನೆ ಎಂದೆ. ಅವರು ಡ್ರೈವನ್ನು ನನ್ನ ಕೈಯಿಂದ ತೆಗೆದುಕೊಂಡರು. ಅವರ ಮನೆಯಲ್ಲಿ ಒಳ್ಳೆಯ ಹಿತ್ತಾಳೆಯ ಕೊಡಗಳೆಲ್ಲ ಗೋಡೆಯ ಮಾಡದ ಮೇಲೆ ಸಾಲಾಗಿ ಮಿಂಚುತ್ತಿದ್ದವು, ನೀರು ತುಂಬುತ್ತಿದ್ದದ್ದು ಪ್ಲಾಸ್ಟಿಕ್ ಕೊಡದಲ್ಲಿ. ವಸ್ತು ಪಾಸಾಗುವವರೆಗೆ ಬೇರೆಯವರು ಬಳಸಬೇಕು, ಪಾಸಾದಮೇಲೆ ಯಾರೂ ಬಳಸಬಾರದು, ಇದು ಅವರ ಲೆಕ್ಕ. ನೆಲೋಗಿಯಲ್ಲಿ ನಮ್ಮಪ್ಪ ಬೀಜದ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದ, ನೆಲದೊಳಗಿನ ಆ ಕಣಜದಲ್ಲಿ ಜೋಳ ಎಷ್ಟು ಕಾಲವಾದರೂ ಹಾಗೇ ಇರುತ್ತಿತ್ತು ಎಂದರು. ಡ್ರೈವನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನಡುವೆ ಬೇವಿನ ಎಲೆ ಇಟ್ಟು, ತಮ್ಮ ಮನೆಯ ಮೇಲಿನ ತಗಡಿನ ಕೋಣೆಯಲ್ಲಿದ್ದ ಕಬ್ಬಿಣದ ಟ್ರಂಕಿನೊಳಗೆ ಇಟ್ಟು ಬೀಗ ಹಾಕಿದರು. ನಾನು ಟಕ್ ಟಕ್ ಎನ್ನುವ ಹಳೆಯ ಡಿಸ್ಕಿನಲ್ಲಿಯೇ ಕೆಲಸ ಮುಂದುವರಿಸಿದೆ. ಎರಡು ಬೇಸಿಗೆ ಕಳೆದವು. ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ಕೋಣೆ ಎಂದರೆ ಹಪ್ಪಳ ಒಣಗಿಸಲು ಬಿಸಿಲಿಗೆ ಹೋಗಬೇಕಾಗಿಲ್ಲ.

ಲಗ್ನದ ಹಂಗಾಮು ಜೋರಾಗಿದ್ದಾಗಲೇ ಹಳೆಯ ಡಿಸ್ಕು ಪ್ರಾಣ ಬಿಟ್ಟಿತು. ನನಗೇನೂ ಗಾಬರಿಯಾಗಲಿಲ್ಲ. ಅಂಗಡಿಯ ತುಂಬ ಕುಳಿತಿದ್ದ ಗಿರಾಕಿಗಳಿಗೆ, ಹೆಸರೆಲ್ಲ ಅಕ್ಕೋರ ಟ್ರಂಕಿನಲ್ಲಿ ಭದ್ರವಾಗಿವೆ ಎಂದು ದೊಡ್ಡಸ್ತಿಕೆಯಿಂದ ಹೇಳಿದೆ. ಅಕ್ಕೋರು ಬಟ್ಟೆಯ ಗಂಟು ಹಿಡಿದು ಬಂದರು. ಯಜಮಾನರು ಅವರ ಹಿಂದೆ ಕೊಡೆ ಹಿಡಿದು ಬಂದರು. ನನ್ನ ತಮ್ಮನ ಕಂಪ್ಯೂಟರ್ ತರಿಸಿಟ್ಟಿದ್ದೆ, ಅದಕ್ಕೆ ಡ್ರೈವ್ ಜೋಡಿಸಿ ಮೊದಲ ಫೈಲು ಒತ್ತಿದೆ. ತೆರೆಯಲಿಲ್ಲ. ಎರಡನೆಯದು ತೆರೆಯಿತು, ಆದರೆ ಅಜ್ಜ ದೊಡ್ಡಪ್ಪನವರೆಗೆ ಹೆಸರು ಬಂದು ಅಲ್ಲಿಂದ ಕೆಳಗೆ ಬರೀ ಚೌಕಗಳು. ಇನ್ನೊಂದರಲ್ಲಿ ಊರುಗಳು ಮಾತ್ರ ಇದ್ದವು, ಜನರಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಫೈಲುಗಳ ಗತಿ ಹೀಗೇ ಆಗಿತ್ತು. ಇಷ್ಟು ವರ್ಷ ಕಟ್ಟಿದ್ದ ಅಂಗಡಿ ಕಣ್ಣೆದುರು ಚೌಕಗಳಾಗಿ ಹೋಗುತ್ತಿದೆ ಅನ್ನಿಸಿತು. ಅಕ್ಕೋರು ಕೆಂಪು ಪೆನ್ನನ್ನು ತೆಗೆದು, ಮುಚ್ಚಳ ಹಾಕಿ, ಮತ್ತೆ ಚೀಲದಲ್ಲಿ ಇಟ್ಟುಕೊಂಡರು.

ಕಲಬುರಗಿಯಿಂದ ಬಂದ ರಿಪೇರಿಯವರು ತಮ್ಮ ಲ್ಯಾಪ್‌ಟಾಪಿಗೆ ಡ್ರೈವ್ ಜೋಡಿಸಿ, ಅದರ ಆರೋಗ್ಯ ತೋರಿಸುವ ಒಂದು ಪುಟ ತೆಗೆದರು. ಡ್ರೈವ್ ನಮ್ಮ ಕೈಗೆ ಬಂದಾಗಲೇ ಪೂರ್ತಿ ಸವೆದಿತ್ತು. ಎಸ್‌ಎಸ್‌ಡಿಯಲ್ಲಿ ಅಕ್ಷರಗಳು ಸೂಕ್ಷ್ಮವಾದ ವಿದ್ಯುತ್ತಾಗಿ ಚಿಪ್ಪಿನೊಳಗೆ ಕುಳಿತಿರುತ್ತವೆ, ಬರೆದು ಅಳಿಸಿ ಬರೆದಷ್ಟೂ ಚಿಪ್ಪು ಸವೆಯುತ್ತದೆ, ವಿಡಿಯೊದವರಷ್ಟು ಬರೆಯುವವರು ಬೇರೆ ಯಾರೂ ಇಲ್ಲ ಎಂದರು. ಸವೆದ ಡ್ರೈವನ್ನು ಕರೆಂಟು ತಾಗಿಸದೆ, ಬಿಸಿಲು ಕಾಯುವ ಕಡೆ ಇಟ್ಟರೆ ಅದು ತನ್ನಲ್ಲಿ ಇದ್ದದ್ದನ್ನು ನಿಧಾನವಾಗಿ ಮರೆಯುತ್ತದಂತೆ. ಅಂದರೆ ಅಕ್ಕೋರು ಯಾವುದನ್ನು ಪರೀಕ್ಷೆ ಎಂದುಕೊಂಡಿದ್ದರೋ ಅದೇ ಅದರ ಆಯುಷ್ಯ ತಿಂದಿತ್ತು. ಯಾವುದನ್ನು ಜೋಪಾನ ಎಂದುಕೊಂಡಿದ್ದರೋ ಅದು ಉಳಿದದ್ದನ್ನು ತಿಂದಿತ್ತು.

ಅಕ್ಕೋರು ಕನ್ನಡಕ ಏರಿಸಿ ಆ ಪುಟವನ್ನು ಕೊನೆಯವರೆಗೆ ಓದಿದರು. ಆಮೇಲೆ ನಗತೊಡಗಿದರು.

“ಅಂದ್ರ ಪಾಸಾದದ್ದು ಅಂತ ತಿಳಕೊಂಡು ನಾ ರಿಟೈರ್ ಆದದ್ದನ್ನ ತಂದೀನಿ. ನನ್ನಂಗ ಅದೂ ಮನ್ಯಾಗ ಕುಂತು ಮರತಬಿಟ್ಟದ.”

ಆ ನಗು ನೋಡಿ ನನಗೆ ಸಿಟ್ಟು ಬರಬೇಕಿತ್ತು. ನಿಜ ಹೇಳಬೇಕೆಂದರೆ ಧೈರ್ಯ ಬಂತು. ಮರುದಿನ ಬೆಳಿಗ್ಗೆ ಅವರು ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಮುಂದೆ ನಿಂತಿದ್ದರು. ಹೆಸರು ಕಳೆದಿರುವುದು ಕಂಪ್ಯೂಟರಿನಲ್ಲಿ, ಮನೆಗಳಲ್ಲಿ ಅಲ್ಲ, ನಡೆ ಎಂದರು. ಇತ್ತೀಚಿನ ಪತ್ರಿಕೆಗಳು ನಾನು ಪ್ರೆಸ್ಸಿಗೆ ಕಳಿಸಿದ ವಾಟ್ಸಾಪಿನಲ್ಲಿ ಉಳಿದಿದ್ದವು. ಹಳೆಯವಕ್ಕಾಗಿ ಇಬ್ಬರೂ ಊರೂರು ತಿರುಗಿದೆವು. ನಮ್ಮ ಕಡೆ ಲಗ್ನಪತ್ರಿಕೆಯನ್ನು ಯಾರೂ ಎಸೆಯುವುದಿಲ್ಲ. ನಾಲ್ಕು ಮೂಲೆಗೆ ಅರಿಷಿಣ ಹಚ್ಚಿದ ಪತ್ರಿಕೆಗಳು ದೇವರ ಜಗಲಿಯ ಹಿಂದೆ, ಗೋಡೆಯ ಗೂಡಿನಲ್ಲಿ, ಹಾಸಿಗೆಯ ಬುಡದಲ್ಲಿ ಸಿಕ್ಕವು. ಒಂದು ಮನೆಯಲ್ಲಿ ಅದನ್ನು ಕಾಲು ಕುಂಟಾದ ಟಿವಿ ಸ್ಟ್ಯಾಂಡಿನ ಕೆಳಗೆ ಮಡಿಸಿ ಇಟ್ಟಿದ್ದರು. ಅಕ್ಕೋರು ಅದನ್ನು ಎಳೆದು ತೆಗೆದು, ಟಿವಿ ಬೀಳದಂತೆ ನನ್ನನ್ನು ಹಿಡಿದುಕೊಳ್ಳಲು ಹೇಳಿ, ನಿಂತಲ್ಲೇ ಫೋಟೊ ತೆಗೆಸಿ, ಮತ್ತೆ ಅಲ್ಲಿಯೇ ತುರುಕಿದರು.

ಹೋದ ಮನೆಯಲ್ಲೆಲ್ಲ ಅವರು ಅಂಗಳದಲ್ಲಿ ಕುಳಿತು ಹಾಜರಿ ಕರೆಯುತ್ತಿದ್ದರು. ಈ ಕಾಕಾ ಹೋಗಿ ಎಷ್ಟು ದಿನವಾಯಿತು, ಈ ಅಳಿಯನ ಜೊತೆ ಈಗ ಮಾತುಕತೆ ಇದೆಯೋ ಇಲ್ಲವೋ ಎಂದು ಕೇಳಿ ಅಲ್ಲಿಯೇ ತಿದ್ದುತ್ತಿದ್ದರು. ಆಸ್ತಿಗಾಗಿ ಜಗಳವಾಡಿ ಬೇರೆಯಾಗಿದ್ದ ಅಣ್ಣತಮ್ಮಂದಿರು ಅವರ ಎದುರು ಮಾತ್ರ ಒಂದೇ ಚಾಪೆಯ ಮೇಲೆ ಕುಳಿತು ತಮ್ಮ ತಮ್ಮ ಹೆಸರಿಗೆ ಉತ್ತರ ಕೊಟ್ಟರು. ಚಾಪೆಯಿಂದ ಎದ್ದಮೇಲೆ ಮತ್ತೆ ಮೊದಲಿನ ಹಾಗೆಯೇ ಆದರು. ಸಂಜೆಗೆ ಅಂಗಡಿಗೆ ಬಂದು ನಾನು ಟೈಪ್ ಮಾಡುತ್ತಿದ್ದೆ, ಅವರು ಓದಿ ಹೇಳುತ್ತಿದ್ದರು. ಹೆಸರುಗಳೆಲ್ಲ ಒಂದೊಂದಾಗಿ ಮನೆಗೆ ಬಂದವು. ಅವರು ಬಂದಿರದಿದ್ದರೆ ನಾನು ಅಂಗಡಿ ಮುಚ್ಚಿ ಬೇರೆ ಏನಾದರೂ ಹುಡುಕಿಕೊಳ್ಳುತ್ತಿದ್ದೆ. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಇಷ್ಟಾದಮೇಲೆ ಡ್ರೈವ್ ಆರಿಸುವ ಕೆಲಸ ಬೇರೆಯವರಿಗೆ ಬಿಡುವರೆಂದು ನೀವು ಎಣಿಸಬಹುದು. ಅಕ್ಕೋರು ಬಿಡಲಿಲ್ಲ, ಹಠ ಇನ್ನೂ ಹೆಚ್ಚಾಯಿತು. ಕಲಬುರಗಿಗೆ ಹೋದೆವು. ಅಂಗಡಿಯವರೆಲ್ಲ ಇದು ಒಳ್ಳೆಯದು, ಅದು ಬಹಳ ಒಳ್ಳೆಯದು ಎಂದು ಡಬ್ಬಿಗಳನ್ನು ಮುಂದಿಟ್ಟರು. ಅಕ್ಕೋರು ಒಂದನ್ನೂ ಮುಟ್ಟಲಿಲ್ಲ. ಅಲ್ಲಿಂದ ಎದ್ದು ಹೋದದ್ದು ಅದೇ ರಿಪೇರಿಯವರ ಬಳಿ. ಛಲೋ ಇರೋದು ಯಾವುದು ಎಂದು ಅವರು ಕೇಳಲಿಲ್ಲ. “ಸತ್ತಾವಲ್ಲ, ಅವನ್ನ ತೋರಸ್ರಿ” ಎಂದರು.

ರಿಪೇರಿಯವರು ನಗುತ್ತ ಒಂದು ಡ್ರಾಯರ್ ಎಳೆದು ಮೇಜಿನ ಮೇಲೆ ಬೋರಲು ಹಾಕಿದರು. ಅಕ್ಕೋರು ಸ್ಟೂಲಿನ ಮೇಲೆ ಕುಳಿತು ಸತ್ತ ಡ್ರೈವುಗಳನ್ನು ಉತ್ತರಪತ್ರಿಕೆಗಳಂತೆ ಬೇರೆಬೇರೆ ಗುಂಪು ಮಾಡಿದರು. ಹೆಸರೇ ಕೇಳಿರದ ಕಂಪನಿಗಳವು ಒಂದು ದೊಡ್ಡ ಗುಂಪಾದವು. ಹೆಸರಾಂತ ಕಂಪನಿಯೊಂದರದೂ ಸಾಕಷ್ಟು ಇದ್ದವು. ನಾನು ಹಾಗಾದರೆ ಇದೂ ಬೇಡ ಎಂದೆ. ಅವರು ನನ್ನ ಕಡೆ ಕನ್ನಡಕದ ಮೇಲಿನಿಂದ ನೋಡಿದರು. ರಿಪೇರಿಯವರನ್ನು, ನೀವು ಯಾವುದನ್ನು ಹೆಚ್ಚು ಮಾರುತ್ತೀರಿ ಎಂದು ಕೇಳಿದರು. ಇದನ್ನೇ, ಬಹಳಷ್ಟು ಜನರ ಕಂಪ್ಯೂಟರಿನಲ್ಲಿ ಇರುವುದು ಇದೇ ಎಂದು ಉತ್ತರ ಬಂತು. ದೊಡ್ಡ ಶಾಲೆಯಲ್ಲಿ ಫೇಲಾದವರೂ ಹೆಚ್ಚು ಇರುತ್ತಾರೆ, ಅದಕ್ಕೆ ಶಾಲೆಯೇ ಕೆಟ್ಟದ್ದೆನ್ನಬಾರದು ಎಂದು ಆ ಗುಂಪನ್ನು ಪಕ್ಕಕ್ಕೆ ಸರಿಸಿದರು.

ಆ ಡ್ರಾಯರಿನಲ್ಲಿ ನಾನು ಮೊಬೈಲಿನಲ್ಲಿ ನೋಡಿಟ್ಟಿದ್ದಂಥದ್ದೇ ಒಂದು ಸಿಕ್ಕಿತು. ಮೇಲೆ ಬಹಳ ದೊಡ್ಡ ಜಾಗವಿದೆಯೆಂದು ಬರೆದಿತ್ತು. ಬಿಚ್ಚಿದರೆ ಒಳಗೆ ಮೊಬೈಲಿಗೆ ಹಾಕುವ ಸಣ್ಣ ಮೆಮೊರಿ ಕಾರ್ಡು, ಪಕ್ಕದಲ್ಲಿ ತೂಕಕ್ಕೆಂದು ಅಂಟಿಸಿದ ಕಬ್ಬಿಣದ ತುಂಡು. ಅಕ್ಕೋರು ಆ ತುಂಡನ್ನು ಕೇಳಿ ಪಡೆದು ಚೀಲಕ್ಕೆ ಹಾಕಿಕೊಂಡರು. ಆಮೇಲೆ ಬಹಳ ಕಾಲ ಅದು ನಮ್ಮ ಅಂಗಡಿಯಲ್ಲಿ ಪ್ರೂಫುಗಳು ಹಾರದಂತೆ ಮೇಲೆ ಇಡುವ ಭಾರವಾಗಿತ್ತು. ಅಗ್ಗದ ಆಸೆ ನನಗೆ ಬಂದಾಗಲೆಲ್ಲ ಅವರು ಅದನ್ನು ಬೆರಳಿನಿಂದ ನನ್ನ ಕಡೆ ತಳ್ಳುತ್ತಿದ್ದರು.

ಕೊನೆಗೆ ಅಂಗಡಿಗೆ ಹೋದಾಗ ಅವರ ಪ್ರಶ್ನೆಗಳು ಬದಲಾಗಿದ್ದವು. ಎಷ್ಟು ಬರೆದರೆ ಸವೆಯುತ್ತದೆ ಎಂದು ಕಂಪನಿಯೇ ಎಲ್ಲಿ ಬರೆದಿದೆ ತೋರಿಸಿ ಎಂದರು. ಡಬ್ಬಿಯ ಸೀಲು ಬೆಳಕಿಗೆ ಹಿಡಿದು ನೋಡಿದರು. ನಮಗೆ ಬೇಕಾದದ್ದಕ್ಕಿಂತ ದೊಡ್ಡದು ಕೊಡಿ, ಪೂರ್ತಿ ತುಂಬಿದರೆ ಅದಕ್ಕೆ ಉಸಿರಾಡಲು ಜಾಗವಿರುವುದಿಲ್ಲವಂತೆ ಎಂದು ರಿಪೇರಿಯವರಿಂದ ಕೇಳಿದ್ದನ್ನು ಅವರೇ ಅಂಗಡಿಯವರಿಗೆ ಕಲಿಸಿದರು. ಅಂಗಡಿಯವರು ಐದು ವರ್ಷದ ವಾರಂಟಿ ಇದೆ, ಚಿಂತೆ ಬೇಡ ಎಂದು ಡಬ್ಬಿಯ ಮೇಲೆ ಬೆರಳು ಇಟ್ಟು ತೋರಿಸಿದರು.

“ಕೆಟ್ರ ಹೊಸ ಡಬ್ಬಿ ಕೊಡ್ತೀರಿ, ಖರೇ ಅದ” ಎಂದರು ಅಕ್ಕೋರು. “ಒಳಗಿನ ಹೆಸರ ಯಾರ ಕೊಡ್ತಾರ್ರಿ?”

ಹೆಸರಿಗೆ ವಾರಂಟಿ ಇಲ್ಲ ಎಂದು ಅಂಗಡಿಯವರು ಒಪ್ಪಿಕೊಂಡರು. ಹಾಗಾದರೆ ಒಂದನ್ನೇ ನಂಬಿ ಕೂರುವುದು ಬೇಡ ಎಂದು ಅಕ್ಕೋರು ಕಂಪ್ಯೂಟರಿನೊಳಗೆ ಹಾಕಲು ಒಂದು, ಹೊರಗೆ ಕಾಪಿ ಇಡಲು ಎರಡು, ಮೂರೂ ಬೇರೆಬೇರೆ ಕಂಪನಿಯವು, ಮೂರೂ ಹೊಸವು ಕೊಡಿಸಿದರು. ಹೊಸದು ಎಂಬ ಮಾತನ್ನು ಅವರು ಹಲ್ಲು ಕಚ್ಚಿಯೇ ಹೇಳಿದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಯೋಚಿಸುತ್ತಿದ್ದರು. ಜೇವರ್ಗಿ ಹತ್ತಿರ ಬಂದಾಗ, ನಮ್ಮವ್ವ ಬೀಜದ ಜೋಳವನ್ನು ಪ್ರತಿ ವರ್ಷ ಹಗೇವಿನಿಂದ ತೆಗೆದು ಬಿಸಿಲಿಗೆ ಹರವುತ್ತಿದ್ದಳು, ಅದು ನನಗೆ ಮರೆತೇಹೋಗಿತ್ತು, ಇಟ್ಟದ್ದಷ್ಟೇ ನೆನಪಿತ್ತು ಎಂದರು.

ಡ್ರೈವುಗಳನ್ನು ಯಾವಾಗ ಹೊರಗೆ ತೆಗೆಯುವುದು ಎಂಬ ಪ್ರಶ್ನೆ ಬಂತು. ತಿಂಗಳಿಗೊಮ್ಮೆ ಎಂದರೆ ನಾನು ಮರೆಯುವವನೇ. ಮರೆಯದ ದಿನ ಯಾವುದು ಎಂದು ಅವರು ಕೇಳಿದರು. ನಮ್ಮದು ಲಿಂಗಾಯತರ ಮನೆ, ಅಂಗಡಿಯಲ್ಲಿ ಅಮಾವಾಸ್ಯೆಗೆ ಪೂಜೆ ತಪ್ಪಿಸುವುದಿಲ್ಲ. ಕಂಪ್ಯೂಟರಿಗೆ ವಿಭೂತಿ ಹಚ್ಚಿ ಕಾಯಿ ಒಡೆಯುತ್ತೇನೆ. ಅಕ್ಕೋರದು ಬೌದ್ಧ ಮನೆತನ. ಹುಣ್ಣಿಮೆಗೆ ಬಿಳಿ ಸೀರೆ ಉಟ್ಟು ವಿಹಾರಕ್ಕೆ ಹೋಗಿಬರುವುದನ್ನು ಅವರೂ ತಪ್ಪಿಸುತ್ತಿರಲಿಲ್ಲ. ಒಂದು ಡ್ರೈವ್ ಅಮಾವಾಸ್ಯೆಗೆ, ಒಂದು ಹುಣ್ಣಿಮೆಗೆ ಎಂದು ಗೊತ್ತಾಯಿತು. ಅಮಾವಾಸ್ಯೆಯದು ಅಂಗಡಿಯಲ್ಲಿ ಉಳಿಯಿತು, ಹುಣ್ಣಿಮೆಯದು ಅವರ ಮನೆಗೆ ಹೋಯಿತು, ಈ ಸಲ ಟ್ರಂಕಿಗೆ ಅಲ್ಲ, ಕೆಳಗಿನ ತಂಪು ಕೋಣೆಯ ಗೂಡಿಗೆ. ನನ್ನ ಪೂಜೆ, ಅವರ ವಂದನೆ ಎರಡೂ ಸೇರಿ ಮೂರು ತಾಲೂಕಿನ ಬೀಗರನ್ನು ಕಾಯತೊಡಗಿದವು.

ಹುಣ್ಣಿಮೆಯ ಮಧ್ಯಾಹ್ನ ಅಕ್ಕೋರು ಬಿಳಿ ಸೀರೆಯಲ್ಲಿಯೇ ಡ್ರೈವ್ ಹಿಡಿದು ಬರುತ್ತಿದ್ದರು, ಜೊತೆಗೆ ಯಜಮಾನರು. ಹೊಸ ಫೈಲುಗಳನ್ನು ತುಂಬಿಸಿ ನಾನು ಮುಗಿಯಿತು ಎಂದರೆ ಒಪ್ಪುತ್ತಿರಲಿಲ್ಲ. ತುಂಬಿದ್ದು ಗೊತ್ತಾಯಿತು, ಉಳಿದಿದೆಯೋ ಇಲ್ಲವೋ ನೋಡೋಣ ಎಂದು ಹಳೆಯ ಫೈಲೊಂದನ್ನು ತೆಗೆಸಿ ಮೊದಲಿನಿಂದ ಕೊನೆಯವರೆಗೆ ಹಾಜರಿ ಕರೆಯುತ್ತಿದ್ದರು. ಒಂದು ಹೆಸರೂ ತಪ್ಪದೆ ಬಂದರೆ ಅವತ್ತಿನ ಚಹಾಕ್ಕೆ ಒಂದು ಚಮಚ ಸಕ್ಕರೆ ಹಾಕಿಸಿಕೊಳ್ಳುತ್ತಿದ್ದರು.

ನನ್ನ ಮಗಳ ಲಗ್ನ ಗೊತ್ತಾದಾಗ ಪತ್ರಿಕೆಯ ಪ್ರೂಫನ್ನು ಎಂದಿನಂತೆ ಅವರ ಮುಂದಿಟ್ಟೆ. ಕರೆಯುತ್ತ ಕರೆಯುತ್ತ ಬಂದವರು ಅತ್ತೆಯಂದಿರ ಸಾಲಿನಲ್ಲಿ ತಡೆದರು. ಅಲ್ಲಿ ಅವರ ಹೆಸರಿತ್ತು. ಕೆಂಪು ಪೆನ್ನು ಅದರ ಮೇಲೆ ನೇರ ಗೆರೆ ಎಳೆಯಿತು.

“ತಪ್ಪು ಬಿದ್ದದ ತಮ್ಮಾ. ತಿದ್ದಾಕ ಕುಂತವರ ಹೆಸರ ಪತ್ರಿಕ್ಯಾಗ ಬರಂಗಿಲ್ಲ.”

“ಅದೊಂದು ತಪ್ಪ ಇರ್ಲಿ ಬಿಡ್ರಿ ಅಕ್ಕೋರೆ” ಎಂದೆ ನಾನು.

ಪತ್ರಿಕೆ ಹಾಗೆಯೇ ಅಚ್ಚಾಯಿತು. ನಮ್ಮ ದೊಡ್ಡಪ್ಪ ಅದನ್ನು ನೋಡಿ, ಇವರು ನಮ್ಮ ಪೈಕಿ ಯಾರಾಗಬೇಕು ಎಂದು ಕೇಳಿದರು. ಅವರು ಏನು ಕೇಳುತ್ತಿದ್ದಾರೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಮ್ಮ ಮನೆಯ ಪತ್ರಿಕೆ ಹೋದಾಗ ನಿಮ್ಮ ಹೆಸರನ್ನು ಹುಡುಕಿ ತಂದವರು ಎಂದೆ. ದೊಡ್ಡಪ್ಪ ಪತ್ರಿಕೆಯನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು. ಮದುವೆಯ ದಿನ ಅಕ್ಕೋರ ಎಲೆಗೆ ಅವರೇ ನಿಂತು ಹೋಳಿಗೆ ಬಡಿಸಿದರು. ಅಕ್ಕೋರು ಎಂದಿನ ಅನುಮಾನದಿಂದ ಪಕ್ಕದ ಎಲೆಯವರು ಒಂದು ತುತ್ತು ತಿನ್ನುವವರೆಗೆ ಕಾದು ಆಮೇಲೆ ಮುರಿದರು.

ಅಂದಿನಿಂದ ಹುಣ್ಣಿಮೆಗೆ ನಾನು ಪರೀಕ್ಷೆಗೆ ತೆಗೆಯುತ್ತಿದ್ದದ್ದು ಅದೇ ಫೈಲು. ತಮ್ಮ ಸಾಲು ಬಂದಾಗಲೆಲ್ಲ ಅಕ್ಕೋರು, ಈ ತಪ್ಪು ಇನ್ನೂ ತಿದ್ದಿಲ್ಲ ನೀನು ಎಂದು ಗೊಣಗಿ, ತಮ್ಮ ಹೆಸರನ್ನು ಬಿಟ್ಟು ಮುಂದಿನದು ಕರೆಯುತ್ತಿದ್ದರು. ಯಜಮಾನರು ರಸ್ತೆ ನೋಡುತ್ತ ಕುಳಿತಿರುತ್ತಿದ್ದರು.

ಹೋದ ಮಳೆಗಾಲದಲ್ಲಿ ಅವರು ಮೂರೇ ದಿನ ಮಲಗಿ ಹೋಗಿಬಿಟ್ಟರು. ಹೊಸ ಆಸ್ಪತ್ರೆಗೆ ಕರೆದೊಯ್ಯೋಣ ಎಂದರೆ, ಅಲ್ಲಿಗೆ ಹೋಗಿ ಬಂದವರು ಯಾರಾದರೂ ಇದ್ದಾರೇನು ಎಂದು ಕೇಳಿದರಂತೆ. ಅವರಿಲ್ಲದ ಮಧ್ಯಾಹ್ನಗಳಲ್ಲಿ ಪ್ರೂಫನ್ನು ನಾನೇ ನೋಡುತ್ತೇನೆ, ಕಣ್ಣಿನಲ್ಲಿ ನೋಡಿದರೆ ತಪ್ಪು ಕಾಣುವುದಿಲ್ಲವೆಂದು ಗಟ್ಟಿಯಾಗಿಯೇ ಕರೆಯುತ್ತೇನೆ. ಅವರಿಲ್ಲದ್ದು ಬಹಳ ಕಾಡುತ್ತದೆ. ಅವರ ಕುರ್ಚಿಯ ಮೇಲೆ ಗಿರಾಕಿಗಳು ಕುಳಿತರೆ ಈಗಲೂ ನನಗೆ ಸರಿಹೋಗುವುದಿಲ್ಲ.

ಅವರು ಹೋದಮೇಲೆ ಬಂದ ಮೊದಲ ಹುಣ್ಣಿಮೆಯ ಮಧ್ಯಾಹ್ನ ಯಜಮಾನರು ಒಬ್ಬರೇ ಬಂದರು. ಕೈಯಲ್ಲಿ ಅದೇ ಹತ್ತಿಯ ಬಟ್ಟೆಯ ಗಂಟು.

“ಹುಣ್ಣಿಮಿ ಅಲ್ಲೇನ್ರಿ ಇವತ್ತು?” ಎಂದು ನನ್ನ ಮೇಜಿನ ಮೇಲೆ ಇಟ್ಟರು.

ಡ್ರೈವ್ ಜೋಡಿಸಿದೆ. ಹೊಸ ಫೈಲುಗಳನ್ನು ತುಂಬಿಸಿದೆ. ನನ್ನ ಮಗಳ ಪತ್ರಿಕೆ ತೆಗೆದು ಹಾಜರಿ ಕರೆಯತೊಡಗಿದೆ. ಲಗ್ನ ಮುಗಿದಮೇಲೆ ತೀರಿಕೊಂಡ ನಮ್ಮ ಪೈಕಿಯವರ ಹೆಸರುಗಳಿಗೆಲ್ಲ ನಾನು ಆಗಿಂದಾಗ ‘ಲಿಂ.’ ಸೇರಿಸಿಟ್ಟಿದ್ದೆ, ಅದು ನನ್ನ ಕೆಲಸ. ಅತ್ತೆಯಂದಿರ ಸಾಲು ಬಂತು. ಅಕ್ಕೋರ ಹೆಸರಿನ ಮೊದಲು ‘ದಿ.’ ಇರಲಿಲ್ಲ, ನಾನು ಹಾಕಿರಲಿಲ್ಲ. ಅವರು ಬಿಟ್ಟು ಹೋಗುತ್ತಿದ್ದ ಆ ಹೆಸರನ್ನು ಗಟ್ಟಿಯಾಗಿ ಕರೆದೆ. ಕರೆದು, ಅವರು ತಡೆಯುತ್ತಿದ್ದ ಹಾಗೆ ಒಂದು ಕ್ಷಣ ತಡೆದೆ.

ಯಜಮಾನರು ರಸ್ತೆ ನೋಡುತ್ತಿದ್ದರು. ನೋಡುತ್ತಲೇ, “ಹಾಜರ್ರಿ” ಎಂದರು.

ನಾನು ಮುಂದಿನ ಹೆಸರು ಕರೆದೆ.